ಎಡಗಿವಿ

ಮುಟ್ಟಿತ್ತೇ? ಅಥವಾ ನಿಜಕ್ಕೂ ಅರ್ಧ ಬೆರಳಿನಷ್ಟು ದೂರ ಉಳಿದಿತ್ತೇ? ಬೆಳಕು ಕಿಟಕಿಯ ಕಡೆಯಿಂದ, ನೇರ ನನ್ನ ಕಣ್ಣಿಗೇ ಬರುತ್ತಿತ್ತು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಪುಟ್ಟ ತಲೆಯ ಮೇಲೆ ಸಣ್ಣ ತೋಳೊಂದು ಬಾಗಿ ಆಚೆ ಬದಿಗೆ ಇಳಿದಿತ್ತು. ತೋಳನ್ನು ಕಂಡದ್ದು ಖಂಡಿತ. ತೋಳಿನ ತುದಿಯಲ್ಲಿ ಏನಾಯಿತು ಎಂಬುದಷ್ಟೇ ಸಂದೇಹ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ನಾನು ದೂರ ನಿಂತಿದ್ದೆ, ನಡುವೆ ಜನರಿದ್ದರು, ಕನ್ನಡಕಕ್ಕೆ ಬೆವರು ಹತ್ತಿತ್ತು. ಒಂದೊಂದು ಸಲ ಒಂದೊಂದು ಕಾರಣ.

ಆಗ ನಮ್ಮ ಊರಿನಲ್ಲಿ ಮಗುವನ್ನು ಒಂದನೇ ತರಗತಿಗೆ ಸೇರಿಸಬೇಕಾದರೆ ಅದು ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಬೇಕಿತ್ತು. ಮುಟ್ಟಿದರೆ ವಯಸ್ಸು ತುಂಬಿದೆ ಎಂದು ಲೆಕ್ಕ. ಮುಟ್ಟದಿದ್ದರೆ ಬರುವ ವರ್ಷ ಬನ್ನಿ. ಹೆಚ್ಚಿನ ಮಕ್ಕಳು ಮನೆಯಲ್ಲೇ ಹುಟ್ಟಿದವರು. ತಂದೆ ತಾಯಿ ಹೇಳುವ ತಾರೀಖನ್ನು ಹೆಡ್‌ಮೇಷ್ಟ್ರು ನಂಬುತ್ತಿರಲಿಲ್ಲ.

ನನ್ನ ಮಗಳು ಕುಮುದಳಿಗೆ ಆ ಬೇಸಿಗೆಯಲ್ಲಿ ಆರು ತುಂಬಿತ್ತು. ಶಾಲೆ ಶುರುವಾಗಲು ಹದಿನೈದು ದಿನ ಇದೆ ಎನ್ನುವಾಗ, ಒಂದು ಸಂಜೆ ನನ್ನ ಹೆಂಡತಿ ವತ್ಸಲೆ ಅವಳನ್ನು ನಡುಮನೆಯ ಕಂಬಕ್ಕೆ ಆನಿಸಿ ನಿಲ್ಲಿಸಿದಳು.

"ಬೆನ್ನು ನೆಟ್ಟಗೆ ಮಾಡು. ಕತ್ತು ವಾಲಿಸ್ಬಾರ್ದು. ಹೂಂ, ಈಗ ಕೈ ಹಾಕು."

ಕುಮುದ ಕೈ ಹಾಕಿದಳು. ಬೆರಳುಗಳು ಕಿವಿಯನ್ನು ಮುಟ್ಟಿದ್ದು ಮಾತ್ರವಲ್ಲ, ಓಲೆಯನ್ನೇ ಹಿಡಿದುಕೊಂಡವು.

"ಓಲೆ ಹಿಡ್ಕೊಂಡೆ! ಅಪ್ಪಾ, ನೋಡಿಲ್ಲಿ, ಓಲೆ!"

"ಸಾಕು ಬಿಡೇ, ಕಿವಿ ಹರ್ಕೊಂಡೀಯ," ಎಂದು ವತ್ಸಲೆ ನಕ್ಕಳು. ನಾಲ್ಕು ತಿಂಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು. ಕುಮುದ ಓಲೆಯನ್ನು ಬಿಡಲಿಲ್ಲ. ಬಿಟ್ಟರೆ ಅಮ್ಮನ ನಗು ನಿಂತುಹೋಗುತ್ತದೆ ಎಂಬಂತೆ ಹಾಗೆಯೇ ಹಿಡಿದು ನಿಂತಿದ್ದಳು.

ನಾಲ್ಕು ತಿಂಗಳ ಹಿಂದೆ ನಮ್ಮ ಎರಡನೆಯ ಮಗು ತೀರಿಕೊಂಡಿತ್ತು. ಗಂಡು ಮಗು. ಹುಟ್ಟಿ ಹತ್ತು ದಿನ ಇತ್ತು. ಹೆಸರಿಡಬೇಕಾಗಿದ್ದ ದಿನದ ಹಿಂದಿನ ಸಂಜೆ ಹೋಯಿತು. ಪಕ್ಕದ ಮನೆಯ ಚೂಡಮ್ಮನವರಿಂದ ತಂದಿದ್ದ ತೊಟ್ಟಿಲನ್ನು ಮಾರನೆಯ ದಿನ ನಾನೇ ಹೊತ್ತುಕೊಂಡು ಹೋಗಿ ಅವರ ಹಜಾರದಲ್ಲಿ ಇಟ್ಟು ಬಂದೆ. ವತ್ಸಲೆಗೆ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಆಮೇಲೆ ನಮ್ಮ ಮನೆಯಲ್ಲಿ ಮಾತು ಕಡಿಮೆಯಾಯಿತು. ನಾನು ಕೆಲಸ ಮಾಡುತ್ತಿದ್ದದ್ದು ಊರಿನ ಗ್ರಂಥಾಲಯದಲ್ಲಿ. ಮಾತಾಡಬೇಡಿ ಎಂದು ಗೋಡೆಯ ಮೇಲೆ ಬರೆದಿದ್ದ ಕಡೆ ದಿನವಿಡೀ ಕೂತು ಮನೆಗೆ ಬಂದರೆ, ಮನೆಯೂ ಹಾಗೆಯೇ ಇರುತ್ತಿತ್ತು. ನನಗೆ ಅದು ಕಷ್ಟವಾಗಲಿಲ್ಲ ಎಂದು ಹೇಳಿದರೆ ಯಾರೂ ಒಪ್ಪಲಿಕ್ಕಿಲ್ಲ. ಆದರೆ ನಿಜ.

ವತ್ಸಲೆ ಹಾಲನ್ನು ಒಲೆಯ ಮೇಲಿಟ್ಟು ಕಿಟಕಿಯ ಹತ್ತಿರ ನಿಂತರೆ ಉಕ್ಕಿ ಹರಿದರೂ ತಿರುಗುತ್ತಿರಲಿಲ್ಲ. ಒಂದೇ ಸೀರೆಯನ್ನು ಎರಡು ಸಲ ಒಗೆಯುತ್ತಿದ್ದಳು. ಕುಮುದ ಅವಳ ಹಿಂದೆಯೇ ಇರುತ್ತಿದ್ದಳು. "ಅಮ್ಮಾ, ಹಾಲು," ಎನ್ನುವಳು. "ಅಮ್ಮಾ, ಇದು ಒಗ್ದಾಯ್ತು," ಎನ್ನುವಳು. ಮೊದಮೊದಲು ನನಗೆ ಅದು ಮಕ್ಕಳು ತಾಯಿಯ ಹಿಂದೆ ಸುತ್ತುವ ಹಾಗೆಯೇ ಕಂಡಿತು.

ಒಂದು ಮಧ್ಯಾಹ್ನ ಗ್ರಂಥಾಲಯದ ಬೀರುವಿನ ಬೀಗದ ಕೈ ಮರೆತಿದ್ದರಿಂದ ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದೆ. ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ಹಿತ್ತಲಿನಲ್ಲಿ ಬಾವಿಯ ಕಟ್ಟೆಗೆ ಮೊಣಕಾಲು ತಾಗಿಸಿ ವತ್ಸಲೆ ಒಳಗೆ ನೋಡುತ್ತ ನಿಂತಿದ್ದಳು. ಅವಳ ಹಿಂದೆ ಎರಡು ಮೊಳ ದೂರದಲ್ಲಿ ಕುಮುದ ಮಣ್ಣಿಗೆ ಕಾಲು ಊರಿ ನಿಂತಿದ್ದಳು. ವತ್ಸಲೆಯ ಸೆರಗಿನ ತುದಿ ಮಗುವಿನ ಬಲಗೈಗೆ ಮೂರು ಸುತ್ತು ಸುತ್ತಿತ್ತು. ಬೆರಳುಗಳು ಒಳಕ್ಕೆ ಮಡಚಿ ಮುಷ್ಟಿಯಾಗಿದ್ದವು, ಗೆಣ್ಣುಗಳು ಬೆಳ್ಳಗಾಗಿದ್ದವು.

ನನ್ನನ್ನು ನೋಡಿ ಕುಮುದಳೇ ಮೊದಲು ಮಾತಾಡಿದಳು.

"ಅಮ್ಮ ನೀರು ಸೇದ್ತಿದ್ಲು ಅಪ್ಪ."

ಅಲ್ಲಿ ಕೊಡ ಇರಲಿಲ್ಲ. ಹಗ್ಗ ಗೋಡೆಯ ಗೂಟದಲ್ಲಿ ನೇತಾಡುತ್ತಿತ್ತು.

"ಹೌದಾ," ಎಂದೆ. ವತ್ಸಲೆ ತಿರುಗಿ ನನ್ನನ್ನು ನೋಡಿ, "ಊಟಕ್ಕೆ ಬಂದ್ರಾ?" ಎಂದು ಒಳಗೆ ಹೋದಳು. ನಾನು ಬೀಗದ ಕೈ ತೆಗೆದುಕೊಂಡು ಕೆಲಸಕ್ಕೆ ಹೊರಟೆ. ಹೌದು, ಹೊರಟುಹೋದೆ. ಬಾವಿಗೆ ಹಲಗೆ ಮುಚ್ಚಿಸಬಹುದಿತ್ತು. ಮುಚ್ಚಿಸಿದರೆ ನನಗೆ ಭಯವಾಗಿದೆ ಎಂದು ವತ್ಸಲೆಗೆ ತಿಳಿಯುತ್ತಿತ್ತು, ಆಮೇಲೆ ಅದರ ಬಗ್ಗೆ ಮಾತಾಡಬೇಕಾಗುತ್ತಿತ್ತು. ರಜೆ ಹಾಕಬಹುದಿತ್ತು. ಅವಳ ಅಕ್ಕನಿಗೆ ಬರೆದು ಕರೆಸಿಕೊಳ್ಳಬಹುದಿತ್ತು. ಕಾಗದ ಬರೆಯಲು ಎರಡು ಸಲ ಕೂತೆ. 'ಇಲ್ಲಿ ಎಲ್ಲರೂ ಕ್ಷೇಮ' ಎಂಬ ಮೊದಲ ಸಾಲಿನ ಆಚೆಗೆ ಪೆನ್ನು ಹೋಗಲಿಲ್ಲ.

ಶಾಲೆಗೆ ಸೇರಿಸುವ ದಿನದ ಹಿಂದಿನ ಸಂಜೆ ಕುಮುದ ಹೊಸ ಸ್ಲೇಟಿಗೆ ನೀರು ಹಚ್ಚಿ ಒರೆಸುತ್ತ ಜಗಲಿಯಲ್ಲಿ ಕೂತಿದ್ದಳು. ವತ್ಸಲೆ ನನ್ನ ಹಳೆಯ ಪಂಚೆಯ ದಪ್ಪ ಅಂಚನ್ನು ಸೇರಿಸಿ ಅವಳಿಗೊಂದು ಚೀಲ ಹೊಲಿದಿದ್ದಳು. ಹೊಲಿಗೆ ಒಂದು ಕಡೆ ಸೊಟ್ಟ ಹೋಗಿತ್ತು.

"ಅಪ್ಪ, ಸ್ಕೂಲು ಎಷ್ಟೊತ್ತಿಗೆ ಬಿಡ್ತಾರೆ?"

"ನಾಲ್ಕೂವರೆಗೆ."

"ನೀನು ಎಷ್ಟೊತ್ತಿಗೆ ಬರ್ತೀಯ?"

"ಆರು ಗಂಟೆಗೆ. ಗೊತ್ತಲ್ಲ ನಿಂಗೆ."

ಅವಳು ಸ್ಲೇಟನ್ನು ತೊಡೆಯ ಮೇಲೆ ಮಗುಚಿಟ್ಟಳು.

"ಹಂಗಾದ್ರೆ ಅಮ್ಮ?"

"ಅಮ್ಮ ದೊಡ್ಡೋಳಲ್ವಾ ಪುಟ್ಟಿ," ಎಂದೆ. ಬೇರೆ ಏನು ಹೇಳಬಹುದಿತ್ತು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನಾನು ನೋಡಿಕೊಳ್ಳುತ್ತೇನೆ ಎನ್ನಬಹುದಿತ್ತು. ಅಷ್ಟು ಸಣ್ಣ ವಾಕ್ಯ.

ಬೆಳಿಗ್ಗೆ ಚೂಡಮ್ಮ ಬಂದು ಬಾಗಿಲಲ್ಲಿ ನಿಂತರು. "ನೀವು ಹೋಗ್ಬನ್ನಿ ಇವ್ರೇ. ಒಂದು ಗಂಟೆ ನಾನಿಲ್ಲೇ ಹೂ ಕಟ್ಕೊಂಡು ಕೂತಿರ್ತೀನಿ. ಆಮೇಲೆ ನಂಗಾಗಲ್ಲಪ್ಪ, ನಮ್ಮತ್ತೇನ ಹಾಸಿಗೆಯಿಂದ ಎಬ್ಬಿಸ್ಬೇಕು." ಕುಮುದ ಅವರ ಮಾತನ್ನು ಪೂರ್ತಿ ಕೇಳಿಸಿಕೊಂಡೇ ಚೀಲ ಹೆಗಲಿಗೆ ಹಾಕಿಕೊಂಡಳು.

ಶಾಲೆಯ ಹಜಾರದಲ್ಲಿ ಹೆಡ್‌ಮೇಷ್ಟ್ರು ಪುಟ್ಟನಂಜಯ್ಯನವರು ಮೇಜು ಹಾಕಿಕೊಂಡು ಕೂತಿದ್ದರು. ಸಾಲಿನಲ್ಲಿ ಅಳುವ ಮಕ್ಕಳು, ಗದರಿಸುವ ತಾಯಂದಿರು. ನಮ್ಮ ಮುಂದಿದ್ದ ಹುಡುಗ ಕೈ ಹಾಕುತ್ತಲೇ ಕತ್ತನ್ನು ಹೆಗಲ ಕಡೆಗೆ ಬಗ್ಗಿಸಿ ಕಿವಿಯನ್ನೇ ಬೆರಳಿನ ಹತ್ತಿರಕ್ಕೆ ತಂದ.

"ಲೋ ಲೋ, ತಲೆ ನೆಟ್ಟಗಿಡೋ ಕಳ್ಳ! ಬೆರಳು ಕಿವಿ ಹತ್ರ ಹೋಗ್ಬೇಕು, ಕಿವೀನೇ ಬೆರಳ ಹತ್ರ ಬರೋದಲ್ಲ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಹುಡುಗನ ತಾಯಿ, "ಆರು ತುಂಬೈತೆ ಮೇಷ್ಟ್ರೇ, ಉಗಾದಿ ಮಾರ್ನೇ ದಿನ ಹುಟ್ಟಿದ್ದು," ಎಂದಳು.

"ಎಲ್ಲಾ ಮಕ್ಕಳೂ ಉಗಾದಿ ಮಾರನೇ ದಿನಾನೇ ಹುಟ್ಟಿರ್ತವೆ ಕಣಮ್ಮ ಈ ಊರಲ್ಲಿ. ಬಾಯಿ ಏನು ಬೇಕಾದ್ರೂ ಹೇಳತ್ತೆ, ಕೈ ಸುಳ್ಳು ಹೇಳಲ್ಲ. ಮುಂದಿನ ವರ್ಷ ಬಾ."

ನಮ್ಮ ಸರದಿ ಬಂತು. "ಓಹೋ, ಲೈಬ್ರರಿ ಸ್ವಾಮಿಗಳ ಮಗಳು! ಬಾರಮ್ಮ. ನಿಮ್ಮಪ್ಪನ ಹಂಗೆ ನೀನೂ ತುಟಿ ಮೇಲೆ ಬೆರಳಿಡ್ಬೇಡ, ಕಿವಿ ಮುಟ್ಟು ಸಾಕು."

ಕುಮುದ ನಗಲಿಲ್ಲ. ಒಮ್ಮೆ ಹಿಂತಿರುಗಿ ಶಾಲೆಯ ಗೇಟಿನ ಕಡೆ ನೋಡಿದಳು. ಆಮೇಲೆ ಅಮ್ಮ ಹೇಳಿಕೊಟ್ಟ ಹಾಗೆ ಬೆನ್ನು ನೆಟ್ಟಗೆ ಮಾಡಿ, ಕತ್ತು ವಾಲಿಸದೆ, ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿದಳು. ಪುಟ್ಟನಂಜಯ್ಯನವರು ಮೇಜಿನ ಮೇಲೆ ಬಗ್ಗಿ ನೋಡಿದರು.

"ಇನ್ನೂ ಸ್ವಲ್ಪ. ಇನ್ನೂ ಸ್ವಲ್ಪ ಚಾಚಮ್ಮ. ಊಹೂಂ. ಒಂದು ಬೆರಳು ಕಡಿಮೆ ಆಯ್ತು ಸ್ವಾಮಿ."

ಬೆರಳು ಕಡಿಮೆಯಾಗಿರಲಿಲ್ಲ. ನಾಲ್ಕೂ ಬೆರಳುಗಳು ಒಳಕ್ಕೆ ಮಡಚಿದ್ದವು. ಸೆರಗಿಲ್ಲದ ಮುಷ್ಟಿ. ಗೆಣ್ಣುಗಳು ಕಿವಿಯ ಮೇಲೆ ಜಡೆಗೆ ತಾಗಿ ನಿಂತಿದ್ದವು. ಬೆಳ್ಳಗಾಗಿದ್ದವು. ಆ ಬಿಳುಪನ್ನು ನಾನು ಹಿತ್ತಲಿನಲ್ಲಿ ನೋಡಿದ್ದೆ.

ಮುಟ್ಟಲಾಗದವರು ಮುಟ್ಟಿದ ಹಾಗೆ ಮಾಡುವ ಬಗೆಗಳನ್ನೆಲ್ಲ ಬಲ್ಲ ಆ ಮೇಷ್ಟ್ರಿಗೆ, ಮುಟ್ಟಬಲ್ಲ ಮಗುವೊಂದು ಮುಟ್ಟದೆ ನಿಂತೀತು ಎಂದು ಹೊಳೆಯುವಂತಿರಲಿಲ್ಲ. ಹೊಳೆದದ್ದು ನನಗೆ. 'ಬೆರಳು ಬಿಡಿಸು ಪುಟ್ಟಿ' ಎಂದರೆ ಮುಗಿಯುತ್ತಿತ್ತು. ಬಾಯಿ ತೆರೆದದ್ದೂ ನೆನಪಿದೆ. ಅಷ್ಟರಲ್ಲಿ ಎದೆಯೊಳಗೆ ಏನೋ ಹಗುರಾಯಿತು. ಇನ್ನೊಂದು ವರ್ಷ ಮನೆಯಲ್ಲಿ ಯಾರೋ ಇರುತ್ತಾರೆ. ಇನ್ನೊಂದು ವರ್ಷ ನಾನು ನಿಶ್ಚಿಂತೆಯಿಂದ ಒಂಬತ್ತೂವರೆಗೆ ಮನೆ ಬಿಡಬಹುದು. ಆ ಹಗುರವನ್ನು ನಾನು ಮರೆತಿಲ್ಲ.

"ಆಗ್ಲಿ ಬಿಡಿ ಮೇಷ್ಟ್ರೇ, ಮುಂದಿನ ವರ್ಷ ಕರ್ಕೊಂಡು ಬರ್ತೀನಿ," ಎಂದೆ.

ದಾರಿಯಲ್ಲಿ ಕುಮುದ ನನಗಿಂತ ಎರಡು ಹೆಜ್ಜೆ ಮುಂದೆಯೇ ನಡೆದಳು. "ಬೇಗ ಬಾ ಅಪ್ಪ, ಒಂದು ಗಂಟೆ ಆಗ್ಹೋಯ್ತೇನೋ," ಎಂದಳು.

ಮನೆಯಲ್ಲಿ ವತ್ಸಲೆ ಹೊಸ್ತಿಲಿಗೆ ಬಂದು ನಿಂತಿದ್ದಳು. "ಸೇರಿಸ್ಕೊಂಡ್ರಾ?"

"ಕೈ ಮುಟ್ಟಲಿಲ್ಲ."

"ಮುಟ್ಟಲಿಲ್ವಾ? ಮೊನ್ನೆ ಓಲೆ ಹಿಡ್ಕೊಂಡಿದ್ಲಲ್ರೀ!" ಅವಳು ನನ್ನ ಮುಖವನ್ನು ನೋಡಿದಳು, ಮಗಳ ಮುಖವನ್ನು ನೋಡಿದಳು. ಕುಮುದ ಚೀಲದ ಸೊಟ್ಟ ಹೊಲಿಗೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ಅಲ್ಲಿ ಜನ ನೋಡಿ ಹೆದರಿಕೊಂಡ್ಲು," ಎಂದೆ.

ಚೂಡಮ್ಮ ಹೂವಿನ ಬುಟ್ಟಿ ಎತ್ತಿಕೊಳ್ಳುತ್ತ, "ಹೋಗ್ಲಿ ಬಿಡೇ ವತ್ಸಲ. ಓದಿ ಯಾವ ರಾಜ್ಯ ಆಳ್ಬೇಕು? ಒಂದು ವರ್ಷ ನಿನ್ ಜೊತೆ ಇರತ್ತೆ ಕೂಸು," ಎಂದರು. ವತ್ಸಲೆ ಸ್ಲೇಟನ್ನು ಒರೆಸಿ ಗೋಡೆಯ ಗೂಡಿನಲ್ಲಿಟ್ಟಳು.

ಆ ವರ್ಷದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಿಗ್ಗೆ ನಮ್ಮ ಬೀದಿಯಲ್ಲಿ ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೆ ಕುಮುದ ಜಗಲಿಗೆ ಬಂದು ಕೊನೆಯ ಮಗು ತಿರುವಿನಲ್ಲಿ ಮರೆಯಾಗುವ ತನಕ ನಿಂತು ಒಳಗೆ ಹೋಗುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಹಾಲು ಉಕ್ಕುವುದು ನಿಂತಿತು. ದಸರೆಗೆ ವತ್ಸಲೆ ತಾನಾಗಿ ಚೂಡಮ್ಮನ ಮನೆಗೆ ಹೋಗಿ ಬಂದಳು. ಚಳಿಗಾಲದಲ್ಲಿ ಒಂದು ದಿನ ನನ್ನನ್ನು ಕರೆದು, "ಆ ತೊಟ್ಟಿಲನ್ನ ವಾಪಸು ಕೊಟ್ಟಿದ್ದು ನೀವೇನಾ?" ಎಂದು ಕೇಳಿ, ನಾನು ಹೂಂ ಎಂದ ಮೇಲೆ ಬಹಳ ಹೊತ್ತು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅದಾದ ಮೇಲೆ ಅವಳು ಬಾವಿಗೆ ಹೋದರೆ ಕೊಡ ತೆಗೆದುಕೊಂಡೇ ಹೋಗುತ್ತಿದ್ದಳು.

ಅದೇ ಚಳಿಗಾಲದ ಒಂದು ಸಂಜೆ ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ. ಕುಮುದ ಒಬ್ಬಳೇ ಗೋಡೆಗೆ ಬೆನ್ನು ಆನಿಸಿ ನಿಂತಿದ್ದಳು. ಬೆನ್ನು ನೆಟ್ಟಗೆ, ಕತ್ತು ನೆಟ್ಟಗೆ. ಬಲಗೈ ನೆತ್ತಿಯ ಮೇಲಿಂದ ಇಳಿದು ಓಲೆಯನ್ನು ಹಿಡಿದಿತ್ತು. ಮತ್ತೆ ಕೈ ತೆಗೆದು ಮತ್ತೆ ಹಾಕಿದಳು. ಇನ್ನೂ ಸಿಗುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದಳು. ನಾನು ಸದ್ದಾಗದ ಹಾಗೆ ಒಳಕ್ಕೆ ಹೆಜ್ಜೆ ಹಾಕಿ, ಆಮೇಲೆ ಕೆಮ್ಮುತ್ತ ಹೊರಗೆ ಬಂದೆ. ಅಷ್ಟರಲ್ಲಿ ಅವಳು ಪಾತ್ರೆ ಜೋಡಿಸುತ್ತಿದ್ದಳು.

ಮರುವರ್ಷ ವತ್ಸಲೆಯೂ ಶಾಲೆಗೆ ಬಂದಳು. ಕುಮುದಳ ಕೈ ಕಿವಿಯನ್ನು ದಾಟಿ ಕೆನ್ನೆಗೆ ಬಂತು. "ಏನಮ್ಮ ಇದು, ಒಂದೇ ವರ್ಷಕ್ಕೆ ಇಷ್ಟುದ್ದ ಕೈ! ರಾತ್ರಿಯೆಲ್ಲ ಎಳೆದು ಕಟ್ಟಿದ್ರಾ?" ಎಂದು ಪುಟ್ಟನಂಜಯ್ಯನವರು ನಕ್ಕರು. ವತ್ಸಲೆಯೂ ನಕ್ಕಳು. ಕುಮುದ ಮಾತ್ರ ಕೈ ಇಳಿಸದೆ ನನ್ನ ಕಡೆ ನೋಡಿದಳು. ನಾನು ಕನ್ನಡಕ ತೆಗೆದು ಒರೆಸಿದೆ.

ತರಗತಿಯಲ್ಲಿ ಅವಳು ಎಲ್ಲರಿಗಿಂತ ಎತ್ತರ. ಹಿಂದಿನ ಸಾಲೇ ಗತಿ. 'ದೊಡ್ಡಕ್ಕ' ಎಂದು ಮಕ್ಕಳು ರೇಗಿಸುತ್ತಿದ್ದರಂತೆ. ಮನೆಗೆ ಬಂದು ಅವಳು ಹೇಳಲಿಲ್ಲ; ಚೂಡಮ್ಮ ಹೇಳಿದ್ದು.

ಈಗ ಅವಳ ಮಗಳೇ ಶಾಲೆಗೆ ಸೇರಿದ್ದಾಳೆ. ಈಗ ಕಿವಿ ಮುಟ್ಟಿಸುವುದಿಲ್ಲ, ಕಾಗದ ಸಾಕು. ಕಳೆದ ವಾರ ಕುಮುದ ಮಗುವನ್ನು ಕರೆದುಕೊಂಡು ಬಂದಿದ್ದಳು. ಕಾಫಿ ಕುಡಿಯುತ್ತ ಆ ಹಳೆಯ ಪದ್ಧತಿಯ ಮಾತು ಬಂತು.

"ನಂದು ಗಿಡ್ಡ ಕೈ ಕಣೇ," ಎಂದು ಮಗಳಿಗೆ ಹೇಳಿದಳು. "ಸ್ಕೂಲಲ್ಲಿ ಕಿವಿ ಮುಟ್ಟಲಿಲ್ಲ ಅಂತ ಒಂದು ವರ್ಷ ಮನೇಲೇ ಕೂರಿಸಿದ್ರು. ಅಲ್ವಾ ಅಪ್ಪ?"

"ಅಯ್ಯೋ, ಮನೇಲಿ ಸರಿಯಾಗೇ ಮುಟ್ತಿತ್ತು ಇದು," ಎಂದು ವತ್ಸಲೆ ಮೊಮ್ಮಗಳಿಗೆ ಹೇಳಿದಳು. "ಅಲ್ಲಿ ಹೋಗಿ ಹೆದರಿಕೊಂಡ್ಬಿಡ್ತು. ಪುಕ್ಕಲಿ, ನಿಮ್ಮಮ್ಮ."

ಕುಮುದ ತಾಯಿಯ ಜೊತೆ ನಕ್ಕಳು. ಮಗು ಆಗಲೇ ಕಿಟಕಿಯ ಹತ್ತಿರ ಹೋಗಿ ನಿಂತಿತ್ತು. ಬೆಳಕಿಗೆ ಅಡ್ಡಲಾಗಿ ಅದರ ಪುಟ್ಟ ತೋಳು ತಲೆಯ ಮೇಲೆ ಬಾಗಿ ಆಚೆ ಬದಿಗೆ ಇಳಿಯಿತು. ಐದೂ ಬೆರಳುಗಳು ಬಿಡಿಸಿಕೊಂಡಿದ್ದವು. ಕುಮುದ ಅದನ್ನು ನೋಡುತ್ತ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ಉತ್ತರಕ್ಕೆ ಕಾಯುತ್ತಿರುವ ಹಾಗೆ ಕೂತಿದ್ದಳು.

"ಹೂಂ. ಅಲ್ಲಿ ಜನ ಇದ್ರು," ಎಂದೆ.

ಅವಳು ಬೆರಳು ಮಡಚಿದ್ದನ್ನು ಆ ದಿನವೇ ಕಂಡಿದ್ದೆ, ಕಂಡೂ ಸುಮ್ಮನಿದ್ದೆ ಎಂದು ನಾನು ಅವಳಿಗೆ ಯಾವತ್ತೂ ಹೇಳಲಿಲ್ಲ.