ಕತ್ತಲಲ್ಲಿ ಕೊಟ್ಟ ನೀರು

ಅವಳು ದುಡಿಯುವ ಇಸ್ತ್ರಿ ಅಂಗಡಿಯಲ್ಲಿ ಶೌಚಾಲಯದ ಬೀಗದ ಕೈ ಯಜಮಾನನ ಜೇಬಿನಲ್ಲಿರುತ್ತಿತ್ತು. ಅದನ್ನು ಕೇಳಿ ಪಡೆಯುವ ನಾಚಿಕೆಗೆ ಅವಳು ಹಗಲೆಲ್ಲ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಬಿಸಿ ಆವಿಯಲ್ಲಿ ಬೆವರಿ ಬೆಂಡಾಗಿ ಮನೆಗೆ ಬಂದರೆ, ರಾತ್ರಿಯಿಡೀ ಮಗನ ಪಾಳಿ. ಎರಡು ವರ್ಷ ತುಂಬುತ್ತಾ ಬಂದಿದ್ದರೂ ಗುಂಡ ಎದೆಹಾಲು ಬಿಟ್ಟಿರಲಿಲ್ಲ. ಬಿಡಲಿ ಎಂದು ಅವಳಿಗೂ ಅನಿಸಿರಲಿಲ್ಲ. ಹಗಲೆಲ್ಲ ದೂರವಿದ್ದವಳಿಗೆ ಮಗ ಸಿಗುತ್ತಿದ್ದುದೇ ಆಗ.

ಆದರೆ ಗುಂಡ ಸೊರಗಿ ಇಳಿಯುತ್ತಿದ್ದ. ಅವನನ್ನು ಗುಂಡ ಎಂದು ಕರೆಯಲು ಅಕ್ಕಪಕ್ಕದವರಿಗೇ ಮುಜುಗರ. ಹಗಲು ಅಜ್ಜಿ ತಿನ್ನಿಸಿದ್ದನ್ನೆಲ್ಲ ಉಗುಳುತ್ತಿದ್ದ. ಡಾಕ್ಟರಮ್ಮ ತೂಕ ನೋಡಿ ಹುಬ್ಬು ಗಂಟಿಕ್ಕಿದರು, ಹೇಗಾದರೂ ಊಟ ಮಾಡಿಸಿ ಎಂದರು. ಆಮೇಲೆ ತಾಯಿಯ ಒಡೆದ ತುಟಿ ನೋಡಿ, "ಮೊದಲು ನೀವು ನೀರು ಕುಡೀರಿ. ಹಾಲು ಕೊಡುವಾಗ ಪಕ್ಕದಲ್ಲೇ ಇಟ್ಕೊಳ್ಳಿ," ಎಂದರು.

ಹೇಳುವುದು ಸುಲಭ. ಗುಂಡನದು ಕೋಳಿನಿದ್ದೆ, ದೀಪ ಹಾಕಿದರೂ, ಕೈ ಚಾಚಿದರೂ ಎದ್ದು ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದ. ಅವಳು ಒಣಗಿದ ನಾಲಿಗೆಯೊಡನೆ ಅಲುಗಾಡದೆ ಮಲಗಿರುತ್ತಿದ್ದಳು.

ಒಂದು ರಾತ್ರಿ ತುಟಿಗೆ ಲೋಟ ತಾಗಿತು. ತಣ್ಣನೆಯ ನೀರು. ಹಿಡಿದ ಬೆರಳುಗಳೂ ತಣ್ಣಗಿದ್ದವು. ಗಂಡನಿಗೆ ರಾತ್ರಿ ಪಾಳಿ, ಮನೆಯಲ್ಲಿ ಇನ್ನಿರುವುದು ಅತ್ತೆ. ಸದಾ ಕಡ್ಡಿಯನ್ನು ಗುಡ್ಡ ಮಾಡುವ ಅತ್ತೆಗೆ ತನ್ನ ಮೇಲೆ ಇಷ್ಟು ಮಮತೆಯೇ ಎಂದು ಅವಳ ಕಣ್ಣು ತುಂಬಿತು. ಗಟಗಟನೆ ಕುಡಿದಳು. ಅಂದಿನಿಂದ ದಿನವೂ ಲೋಟ ಬಂತು. ಎದೆ ಕಲ್ಲಾಗುವಷ್ಟು ಹಾಲು ಊರಿತು, ಬೆಳಗಾಗುವುದರೊಳಗೆ ಅಷ್ಟೂ ಖಾಲಿ. ಗುಂಡ ಮಾತ್ರ ಇನ್ನೂ ಇಳಿದ.

ಒಂದು ಸಂಜೆ ಪಾತ್ರೆ ತೊಳೆಯುತ್ತಾ ಅವಳು ಆ ಉಪಕಾರವನ್ನು ಅತ್ತೆಯ ಮುಂದೆ ಆಡಿಯೇಬಿಟ್ಟಳು.

"ನಾನಾ? ಮಾತ್ರೆ ನುಂಗಿ ಮಲಗಿದ್ರೆ ಮನೆ ಬಿದ್ರೂ ನಂಗೆ ಎಚ್ಚರ ಆಗಲ್ಲ ಕಣೆ," ಎಂದರು ಅತ್ತೆ. "ಎಲ್ಲೋ ಕನಸು ಕಂಡಿರ್ಬೇಕು."

ಆ ರಾತ್ರಿ ಅವಳು ಕೋಣೆಗೆ ಒಳಗಿನಿಂದ ಚಿಲಕ ಹಾಕಿದಳು. ಎಚ್ಚರವಾಗಿರಬೇಕೆಂದರೂ ಜೊಂಪು ಹತ್ತಿತು. ಕಣ್ಣು ಬಿಟ್ಟಾಗ ಎದೆಗೆ ಬಾಯಿ ಅಂಟಿತ್ತು, ಚಪ್ಪರಿಸುವ ಸದ್ದು ಕೇಳುತ್ತಿತ್ತು. ಮಗ ಹಾಸಿಗೆ ತುಂಬ ಉರುಳಾಡುವವನು. ಯಾವ ಮಗ್ಗುಲಿಗೆ ಬಂದಿದ್ದಾನೆಂದು ಅವಳು ಎಂದೂ ನೋಡಿದವಳಲ್ಲ. ವಾಡಿಕೆಯಂತೆ ಬೆನ್ನು ತಟ್ಟಿದಳು.

ಆಗ ಗುಂಡ ಕೆಮ್ಮಿದ. ಅವಳ ಬೆನ್ನ ಹಿಂದೆ, ಗೋಡೆಯ ಕಡೆಯಿಂದ.

ತಟ್ಟುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. ಎದುರಿಗಿದ್ದ ಬಾಯಿ ಮಾತ್ರ ಎಳೆಯುವುದನ್ನು ನಿಲ್ಲಿಸಲಿಲ್ಲ. ಇಷ್ಟು ದಿನ ಮಗ ಹಸಿದು ಹಿಂದೆ ಮಲಗಿದ್ದ, ತಾನು ಇನ್ಯಾರಿಗೋ ಹಾಲೂಡುತ್ತಿದ್ದೆ ಎಂದು ಅವಳಿಗೆ ತಿಳಿಯಿತು. ಅಷ್ಟರಲ್ಲಿ ಲೋಟ ಬಂತು. ಕುಡಿದರೆ ತಾನೇ ಹಾಲು? ಅವಳು ಹಲ್ಲು ಕಚ್ಚಿದಳು. ನೀರು ಗಲ್ಲದಿಂದ ಕತ್ತಿಗೆ ಇಳಿಯಿತು.

"ಬೇಡ," ಎಂದಳು. "ಹೋಗು."

ಲೋಟ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಆಮೇಲೆ ಅವಳನ್ನು ದಾಟಿ ಗೋಡೆಯ ಕಡೆಗೆ ಹೊರಟಿತು. ಆ ತೋಳು ಎಷ್ಟು ಉದ್ದವಿತ್ತೋ, ಅವಳ ಮೈಮೇಲಿಂದ ಹಾದುಹೋಗುತ್ತಲೇ ಇತ್ತು. ಬಾಯಾರಿದ ಗುಂಡ ನಿದ್ದೆಗಣ್ಣಿನಲ್ಲೇ ತುಟಿ ಬಿಡಿಸಿದ ಸದ್ದು ಕೇಳಿಸಿತು.

ಅವಳು ಹೊರಳಿ ಲೋಟ ಕಿತ್ತುಕೊಂಡಳು, ಒಂದು ಹನಿಯೂ ಬಿಡದೆ ಕುಡಿದಳು. ಖಾಲಿ ಲೋಟವನ್ನು ಕತ್ತಲಿಗೆ ಚಾಚಿ, "ನಂಗೆ ಕೊಡು," ಎಂದಳು. "ಎಷ್ಟಾದ್ರೂ ಕುಡೀತೀನಿ. ಅವನಿಗೆ ಬೇಡ."