ನಿಂತಲ್ಲೇ ಓಟ

"ನಿಮ್ಮಕ್ಕ ಹಿಂದಕ್ಕೆ ಓಡ್ತಿದಾಳಲ್ಲಮ್ಮಾ!" ನಿರ್ದೇಶಕ ಕುರ್ಚಿಯಿಂದಲೇ ಕೂಗಿದ. ತಾಲೀಮಿಗೆ ಬಂದಿದ್ದವರೆಲ್ಲ ಗೊಳ್ಳೆಂದು ನಕ್ಕರು.

ತಂಗಿ ಹಿಡಿಕೆ ಬಿಟ್ಟು ನಾಲಿಗೆ ಕಚ್ಚಿಕೊಂಡಳು. ಬಣ್ಣದ ಖಾಲಿ ಡಬ್ಬಕ್ಕೆ ಸುತ್ತಲೂ ಉದ್ದುದ್ದ ಸೀಳು ಕೊರೆದು, ಒಳಗೆ ಬಲ್ಬು ಕೂರಿಸಿ, ತಿರುಗಿಸಲು ಹಿಡಿಕೆ ಹಚ್ಚಿದವಳು ಅವಳೇ. ಡಬ್ಬ ತಿರುಗಿದರೆ ಬೆಳಕಿನ ಪಟ್ಟೆಗಳು ರಂಗದ ಮೇಲೆ ಸಾಲಾಗಿ ಹಾಯುತ್ತವೆ. ನಿಂತವರು ಓಡಿದಂತೆ ಕಾಣುತ್ತಾರೆ. ಆದರೆ ಬೆಳಕು ಓಡುವವರಿಗೆ ಎದುರಾಗಿ ಬರಬೇಕು. ಅವಸರದಲ್ಲಿ ಅವಳು ಅಕ್ಕ ಮುಖ ಮಾಡಿದ್ದ ಕಡೆಗೇ ಬೆಳಕನ್ನೂ ಓಡಿಸಿಬಿಟ್ಟಿದ್ದಳು.

ಮೆಟ್ಟಿಲು ತಪ್ಪಿ ಬಿದ್ದ ಮೇಲೆ ಅಕ್ಕನ ಮೊಣಕಾಲು ಕೈಕೊಟ್ಟಿತ್ತು. ನಡೆದರೆ ಅಷ್ಟಾಗಿ ಗೊತ್ತಾಗುವುದಿಲ್ಲ, ಓಡಿದರೆ ಕುಂಟು. ನಾಟಕದ ಕೊನೆಯ ದೃಶ್ಯವೋ ಬರೀ ಓಟ: ಹೆಂಗಸೊಬ್ಬಳು ಮನೆ ಬಿಟ್ಟು ಓಡುತ್ತಾಳೆ, ಅಷ್ಟೇ. ಇವತ್ತು ಅದು ಕೂಡಿಬರದಿದ್ದರೆ ಪಾತ್ರ ಜಿಂಕೆಗೆ ಎಂದು ನಿರ್ದೇಶಕ ಹೇಳಿಯಾಗಿತ್ತು. ತಂಡದವರು ಜಿಂಕೆ ಎಂದೇ ಕರೆಯುವ ಆ ಹುಡುಗಿ ಮಾತೆಲ್ಲ ಬಾಯಿಪಾಠ ಮಾಡಿಕೊಂಡು, ಪಕ್ಕದಲ್ಲಿ ಉಗುರು ಕಚ್ಚುತ್ತ ಕೂತಿದ್ದಳು.

ಎರಡನೆಯ ಸಲ ತಂಗಿ ಸರಿಯಾಗಿ ತಿರುಗಿಸಿದಳು. ಅಕ್ಕ ತುಸು ಹೊತ್ತು ನಿಂತಳು. ಆಮೇಲೆ ತಡೆಯಲಾರದೆ ನಿಜವಾಗಿಯೇ ಓಡಿದಳು. ಕುಂಟು ಹಿಂದಿನ ಸಾಲಿಗೂ ಕಂಡಿತು.

"ಕಾಲು ಎತ್ತಬೇಡ ಅಂತ ಎಷ್ಟು ಸಲ ಬಡ್ಕೊಳ್ಳೋದೇ? ಭುಜ ಆಡಿಸು, ಉಸಿರು ಬಿಡು, ಸಾಕು," ಎಂದಳು ತಂಗಿ.

"ಸಾಕಂತೆ! ನಿಂತಲ್ಲೇ ಓಡೋಕೆ ನಾನೇನು ಗೋಡೆ ಗಡಿಯಾರಾನಾ?"

"ಇಲ್ಲಿಂದ ನೋಡಿದ್ರೆ ನಿಂಗೇ ಗೊತ್ತಾಗುತ್ತೆ."

"ಅಲ್ಲೂ ನಾನೇ, ಇಲ್ಲೂ ನಾನೇ ಇರೋಕಾಗುತ್ತಾ?"

ಆಗಲೇ ತಂಗಿಗೆ ಆ ಬುದ್ಧಿ ಹೊಳೆದದ್ದು. "ಜಿಂಕೆ, ಒಂಚೂರು ಅಕ್ಕನ ಜಾಗದಲ್ಲಿ ನಿಂತ್ಕೊಳ್ಳೇ. ಸುಮ್ನೆ ನಿಂತ್ಕೊ, ಏನೂ ಮಾಡ್ಬೇಡ."

ಅಕ್ಕ ಕೆಳಗಿಳಿದು ನಿರ್ದೇಶಕನ ಪಕ್ಕ ಕೂತಳು. ಡಬ್ಬ ತಿರುಗಿತು. ಪಟ್ಟೆಗಳು ಜಿಂಕೆಯ ಮುಖಕ್ಕೆ ಬಡಿದು ಬಡಿದು ಹಿಂದೆ ಸರಿದವು. ಅವಳ ಬೆನ್ನಹಿಂದಿನ ಪರದೆ ಬೀದಿಯ ಹಾಗೆ ಜಾರತೊಡಗಿತು. ಜಿಂಕೆ ಓಡಿದಳು. ನಡುವೆ ಮೂಗು ತುರಿಸಿಕೊಂಡಳು. ಅದೂ ಬೆವರು ಒರೆಸಿಕೊಂಡಂತೆಯೇ ಕಂಡಿತು.

ಯಾರೋ ಸಿಳ್ಳೆ ಹಾಕಿದರು. ನಿರ್ದೇಶಕ ಎದ್ದೇ ನಿಂತ.

"ಚೆನ್ನಾಗಿದೆ ಕಣೇ," ಎಂದಳು ಅಕ್ಕ. "ಯಾರು ನಿಂತ್ರೂ ಓಡ್ತಾರೆ."

ತಂಗಿ ಹಿಡಿಕೆ ಒತ್ತಿಹಿಡಿದು ಡಬ್ಬ ನಿಲ್ಲಿಸಿದಳು. ಅಕ್ಕನಿಗೆ ತೋರಿಸಲು ಹೋಗಿ ನಿರ್ದೇಶಕನಿಗೂ ತೋರಿಸಿಬಿಟ್ಟಿದ್ದಳು.

"ಸರ್, ಅಕ್ಕ ನಿಂತ್ರೆ ಅದರ ಕಳೇನೇ ಬೇರೆ..."

"ಗೊತ್ತಾಯ್ತು ಬಿಡಮ್ಮ." ನಿರ್ದೇಶಕ ಮತ್ತೆ ಕೂತು ಕನ್ನಡಕ ಒರೆಸಿಕೊಂಡ. "ಜಿಂಕೆ, ನೀನು ಇಳಿ. ಇವಳಕ್ಕನೇ ಮಾಡ್ಲಿ. ಮಾತು ಅವಳ ಬಾಯಲ್ಲೇ ಚೆಂದ. ಇನ್ನು ಓಟಕ್ಕೆ ಯಾರಾದ್ರೇನು?"

ಜಿಂಕೆ ಮೂತಿ ಊದಿಸಿಕೊಂಡು ಇಳಿದಳು. ಉಳಿದವರು ಚಪ್ಪಾಳೆ ತಟ್ಟಿದರು. "ಪಾರ್ಟಿ ಯಾವಾಗಕ್ಕಾ?" ಎಂದು ಒಬ್ಬ ಕೇಳಿದ. ಅಕ್ಕ ರಂಗದತ್ತ ನಡೆದಳು. ಒಂದೊಂದೇ ಮೆಟ್ಟಿಲಿಗೆ ಒಳ್ಳೆಯ ಕಾಲನ್ನು ಮೊದಲು ಇಟ್ಟು ಮೇಲೆ ಹತ್ತಿದಳು. ಜಾಗಕ್ಕೆ ಬಂದು ಪಕ್ಕಕ್ಕೆ ತಿರುಗಿ ನಿಂತಳು.

"ಹೂಂ, ಓಡಿಸು."

ತಂಗಿ ತಿರುಗಿಸಿದಳು. ಅಕ್ಕ ಈ ಸಲ ಕಾಲೆತ್ತಲಿಲ್ಲ. ಭುಜ ಆಡಿತು, ಎದೆ ಏರಿ ಇಳಿಯಿತು. ನಿರ್ದೇಶಕ ಆಗಲೇ ಪಕ್ಕದವನ ಕಡೆ ಬಗ್ಗಿ ಟಿಕೆಟ್ಟಿನ ಮಾತು ಶುರುಮಾಡಿದ್ದ. ತಂಗಿ ಹಿಡಿಕೆ ಬಿಟ್ಟಳು.

ಡಬ್ಬ ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ಬರಬರುತ್ತ ಪಟ್ಟೆಗಳು ಮೆಲ್ಲಗಾದವು. ಯಾರೂ ಹೇಳದಿದ್ದರೂ ಅಕ್ಕನ ಭುಜವೂ ಮೆಲ್ಲಗಾಯಿತು, ಉಸಿರು ಉದ್ದವಾಯಿತು. ಕೊನೆಯ ಪಟ್ಟೆ ಅವಳ ಕೆನ್ನೆಯ ಅರ್ಧಕ್ಕೆ ಬಂದು ನಿಂತುಕೊಂಡಿತು. ಅಕ್ಕ ಬಾಯಿ ತುಸು ತೆರೆದು, ಪಕ್ಕದ ಗೋಡೆಯಾಚೆ ಏನನ್ನೋ ನೋಡುತ್ತಿದ್ದಳು.