ಒರಳುಕಲ್ಲಿನ ಮೇಲೆ ಬಿದ್ದ ಹಿತ್ತಾಳೆ

“ನಾನು ಕೊಟ್ಟ ಕಾಡತೂಸಿನ ಕೊಳವೆ ಸಿಡಿದು ನಿನ್ ಗಂಡನ ಕಣ್ಣು ಹೋಗಲ್ಲ ಕಣವ್ವಾ. ಇದು ನನ್ ಮಾತು” ಎಂದು ಶಿವನಿ ಊರಿನ ಈರಭದ್ರಪ್ಪ ತಿಮ್ಮಕ್ಕನಿಗೆ ಹೇಳಿದ್ದು ಸ್ವಾತಂತ್ರ್ಯ ಬಂದ ಮರುವರ್ಷ, ಅವಳು ಮದುವೆಯಾಗಿ ಬಂದ ಹೊಸದರಲ್ಲಿ. ಈಗ, ಅರವತ್ತೆರಡರ ಮಾಘದಲ್ಲಿ, ಸತ್ತು ಒಳಗೆ ಕೂತಿದ್ದ ಅದೇ ಈರಭದ್ರಪ್ಪನ ಹಿತ್ತಲಿನಲ್ಲಿ ನಿಂತು ಅವಳು ಕೂಗಿಕೊಂಡಳು.

“ಅಯ್ಯೋ, ಅದನ್ನೂ ಯಾಕ್ ತೊಳೆದ್ರವ್ವಾ?”

ಬಾವಿಕಟ್ಟೆಯ ಮೇಲಿದ್ದ ಕಲ್ಲಮ್ಮ, ಸತ್ತವನ ತಂಗಿ, ಹುಣಸೆಹಣ್ಣು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿದಳು. ಮಠದ ಸ್ವಾಮಿಗಳು ಬರುತ್ತಾರೆಂದು ಮನೆಯ ಹಿತ್ತಾಳೆಯನ್ನೆಲ್ಲ ಹೊರಗೆ ತಂದು ಉಜ್ಜಿದ್ದಳು. ತಂಬಿಗೆ, ದೀಪದ ಕಂಬಗಳ ಪಕ್ಕದಲ್ಲಿ ಒಂದು ಮೊರದ ತುಂಬ ಕಾಡತೂಸಿನ ಖಾಲಿ ಕೊಳವೆಗಳು ಥಳಥಳ ಹೊಳೆಯುತ್ತಿದ್ದವು.

“ಕೆಲವಕ್ಕೆ ಮಸಿ ಮೆತ್ಕೊಂಡಿತ್ತು ಕಣೇ. ಹಂಗೇ ಬಿಡಾಕಾಯ್ತದಾ?”

“ಆ ಮಸಿನೇ ಗುರ್ತು! ಬಿರುಕು ಬಿಟ್ಟಿದ್ದಕ್ಕೆ ಬಳಿದಿಡ್ತಿದ್ರು. ಈಗ ಒಳ್ಳೇದ್ಯಾವ್ದು, ಕೆಟ್ಟದ್ಯಾವ್ದು?”

“ಸಾವಿನ ಮನೆಯಿಂದ ಬೇಟೆಗೆ ಹೊಂಟಿದ್ದೀರೇನೇ ಗಂಡ ಹೆಂಡ್ತಿ?”

ಬೇಟೆಗಲ್ಲ. ತಿಮ್ಮಕ್ಕನ ಗಂಡ ಬೀರಯ್ಯ ಜಮೀನ್ದಾರರ ರೈಫಲ್ ಹಿಡಿದು ಹಂದಿಯಿಂದ ಹೊಲ ಕಾಯುವವನು. ಬೆಳಗಿನಿಂದ ಅವನದೊಂದೇ ಹಟ: ಈರಭದ್ರಪ್ಪ ಕೊನೆಯದಾಗಿ ಹದಮಾಡಿಟ್ಟ ಕೊಳವೆಗೆ ಗುಂಡಿಲ್ಲದೆ ಬರೀ ಮದ್ದು ತುಂಬಿ, ಸಮಾಧಿಯ ಮುಂದೆ ಒಂದು ಈಡು ಹಾರಿಸಬೇಕು. “ಅವರ ಉಪಕಾರ ಬಾಯಲ್ಲಿ ಹೇಳಾಕೆ ನಂಗೆ ಬರಲ್ಲ” ಎಂದಿದ್ದ. ಅವನಪ್ಪ ಲಕ್ಕಣ್ಣ, ಬೇರೆ ಯಾರೋ ತುಂಬಿಕೊಟ್ಟ ಕಾಡತೂಸು ಸಿಡಿದು ಬಲಗಣ್ಣು ಕಳೆದುಕೊಂಡವನು. ಮಗ ಹಟ ಬಿಡುವವನಲ್ಲ. ಮೊರದಲ್ಲಿ ಕೈಗೆ ಸಿಕ್ಕಿದ್ದನ್ನೇ ತೆಗೆದುಕೊಂಡಾನು.

*

ಮಾತು ಕೊಟ್ಟ ದಿನ ತಿಮ್ಮಕ್ಕ ಅದನ್ನು ನಂಬಿರಲಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರದ ಬಂದೂಕಿನ ಲೈಸೆನ್ಸಿನವರು ಹೊಡೆದು ಖಾಲಿಯಾದ ಕೊಳವೆಗಳನ್ನು, ಮತ್ತೆ ಮದ್ದು ತುಂಬುವಂತೆ ಹದಮಾಡಿಸಲು, ಡಬ್ಬಿಗೆ ಹಾಕಿ ರೈಲಿನಲ್ಲಿ ಕಳಿಸುತ್ತಿದ್ದರು. ಈರಭದ್ರಪ್ಪ ಒಂದೊಂದನ್ನೂ ಇಕ್ಕಳದಲ್ಲಿ ಹಿಡಿದು, ಕುತ್ತಿಗೆಯ ಬಣ್ಣ ತಿರುಗುವವರೆಗೆ ಕಾಯಿಸಿ, ಚುಂಯ್ ಎಂದು ನೀರಿಗೆ ಅದ್ದುತ್ತಿದ್ದ.

“ಹೊಡೆದೂ ಹೊಡೆದೂ ಹಿತ್ತಾಳೆ ಗಡುಸಾಗ್ತದೆ. ಗಡುಸಾಗಿದ್ದೇ ಬಿರಿಯೋದು. ಕಾಯ್ಸಿದ್ರೆ ಮೆತ್ತಗಾಗ್ತದೆ.”

“ಕಣ್ಣಿಗೆ ಕಾಣ್ದಿರೋ ಬಿರುಕಿದ್ರೆ?”

“ಆಂ?” ಅವನು ಕಿವಿಯ ಹಿಂದೆ ಕೈ ಇಟ್ಟ. ಈಡಿನ ಸದ್ದಿಗೆ ಕಿವಿ ಎಂದೋ ಮಂದವಾಗಿತ್ತು. ತಿಮ್ಮಕ್ಕ ಇನ್ನೊಮ್ಮೆ ಕೂಗಿ ಕೇಳಿದಳು.

“ಅದಕ್ಕೇ ಇವಳು ಇರೋದು. ನನ್ ಮಾತೊಂದು ಬಿಟ್ಟು ಎಲ್ಲಾ ಕೇಳಿಸ್ತದೆ ಇವಳಿಗೆ” ಎಂದು ಹೆಂಡತಿಯತ್ತ ಕೈ ತೋರಿಸಿ ನಕ್ಕ.

ಲಿಂಗಮ್ಮ ರೊಟ್ಟಿ ತಟ್ಟುವುದನ್ನು ಬಿಟ್ಟು ಬಂದು, ಕೊಳವೆಗಳನ್ನು ಒರಳುಕಲ್ಲಿನ ಮೇಲೆ ಬೀಳಿಸತೊಡಗಿದಳು. ಟಿಣ್. ಟಿಣ್. ಟಪ್. ಮುಖ ಎತ್ತದೆ, ದನಿ ಒಡೆದ ಆ ಕೊನೆಯದನ್ನು ಬಲಕ್ಕೆ ಚಾಚಿದಳು. ಈರಭದ್ರಪ್ಪ ತೆಗೆದುಕೊಂಡು ಮಸಿ ಬಳಿದ.

*

ನಡುಮನೆಯಲ್ಲಿ ಈರಭದ್ರಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ. ಲಿಂಗಮ್ಮ ಅವನ ಎಡಕ್ಕೆ ಕುಳಿತಿದ್ದಳು, ಸುತ್ತ ಹೆಂಗಸರ ಅಳು. ತಿಮ್ಮಕ್ಕ ಮೊರವನ್ನು ಅವಳ ಮುಂದಿಟ್ಟಳು.

“ಲಿಂಗೈಕ್ಯ ಆದೋರ ಮುಂದೆ ಮೊರ ತಂದಿಡ್ತೀಯಲ್ಲವ್ವಾ, ಬುದ್ಧಿ ಐತಾ?” ಎಂದು ಊರ ಹಿರಿಯ ಮಲ್ಲಿಕಾರ್ಜುನಯ್ಯ ಗದರಿದರು.

ಲಿಂಗಮ್ಮ ಹೊಳೆಯುವ ಕೊಳವೆಗಳನ್ನು ನೋಡಿದಳು. “ಮಸಿ ಎಲ್ಲಿ?”

“ನಾನೇ ಅತ್ತಿಗೆ... ತಿಕ್ಕಿಬಿಟ್ಟೆ” ಎಂದಳು ಬಾಗಿಲಲ್ಲಿದ್ದ ಕಲ್ಲಮ್ಮ.

“ಬೀರಯ್ಯನಿಗೇನೇ?” ಎಂದು ಲಿಂಗಮ್ಮ ತಿಮ್ಮಕ್ಕನತ್ತ ತಿರುಗಿದಳು.

ತಿಮ್ಮಕ್ಕ ಹೂಂ ಎಂದಳು.

“ಹಂಗಾದ್ರೆ ಒಸಿ ಅಳೋದ್ ನಿಲ್ಲಿಸ್ರೇ. ನಂಗೆ ಕೇಳ್ಬೇಕು.”

ಮನೆ ಗಪ್ಪಾಯಿತು. ಮಲ್ಲಿಕಾರ್ಜುನಯ್ಯನವರೇ ಎದ್ದು ಹೊರಗಿನ ಡೊಳ್ಳಿನವರಿಗೆ ಸುಮ್ಮನಿರಲು ಕೈಸನ್ನೆ ಮಾಡಿದರು. ಲಿಂಗಮ್ಮ ಒರಳಿನ ಹತ್ತಿರಕ್ಕೆ ಸರಿಯಲಿಲ್ಲ. ಗಂಡನ ಪಕ್ಕ ಬಿಟ್ಟು ಏಳಲು ಅವಳಿಗೆ ಮನಸ್ಸಿರಲಿಲ್ಲ. ಇಬ್ಬರು ಗಂಡಸರು ಒರಳನ್ನೇ ಉರುಳಿಸಿಕೊಂಡು ಬಂದರು.

ಟಿಣ್. ಟಿಣ್. ಟಪ್.

ಲಿಂಗಮ್ಮ ಮುಖ ಎತ್ತದೆ ಕೊಳವೆಯನ್ನು ಬಲಕ್ಕೆ, ಗಂಡನ ಕಡೆಗೆ ಚಾಚಿದಳು. ಕೈ ಗಾಳಿಯಲ್ಲೇ ನಿಂತಿತು.

ತಿಮ್ಮಕ್ಕ ಬಗ್ಗಿ ಅದನ್ನು ತೆಗೆದುಕೊಂಡಳು. ದೀಪದ ಕುಡಿಯ ಮಸಿಯನ್ನು ಬೆರಳಿನಲ್ಲಿ ಒರೆಸಿ ಬಳಿದಳು. ಲಿಂಗಮ್ಮ ಮುಂದಿನ ಕೊಳವೆ ಬೀಳಿಸಿದಳು. ಮೊರ ಮುಗಿದ ಮೇಲೆ, ಚೆನ್ನಾಗಿ ದನಿಗೊಟ್ಟದ್ದೊಂದನ್ನು ಆರಿಸಿ ತಿಮ್ಮಕ್ಕನ ಅಂಗೈಗಿಟ್ಟು ಬೆರಳು ಮಡಿಸಿದಳು.

“ಹದಿನಾಲ್ಕು ವರ್ಷ ಇಬ್ರೂ ಸೇರಿ ಕಾದ್ರಿ ಕಣವ್ವಾ ನನ್ ಗಂಡನ್ನ” ಎಂದಳು ತಿಮ್ಮಕ್ಕ, ಅವಳ ಪಾದ ಮುಟ್ಟಿ.

“ಹೂಂ, ಹೋಗು. ಮದ್ದು ಹೆಚ್ಚು ತುಂಬಬ್ಯಾಡ ಅನ್ನು ಅವನಿಗೆ.”

ಸಂಜೆ, ಗುಂಡಿಯೊಳಗೆ ಕುಳಿತ ಈರಭದ್ರಪ್ಪನ ಮೇಲೆ ಬಿಲ್ವಪತ್ರೆ, ವಿಭೂತಿ ಬಿದ್ದ ಮೇಲೆ ಬೀರಯ್ಯ ರೈಫಲ್ ಎತ್ತಿ ಆಕಾಶಕ್ಕೆ ಹಿಡಿದ. ಸದ್ದಿಗೆ ಹುಣಸೆಮರದ ಕಾಗೆಗಳೆಲ್ಲ ಎದ್ದವು. ಹೊಗೆ ಸರಿಯುವವರೆಗೆ ತಿಮ್ಮಕ್ಕ ಗಂಡನ ಮುಖವನ್ನೇ ಹುಡುಕಿದಳು.

ಬೀರಯ್ಯ ಅಳುತ್ತಿದ್ದ. ಎರಡು ಕಣ್ಣಿನಲ್ಲೂ ನೀರಿತ್ತು.

ಈರಭದ್ರಪ್ಪ ಕೊಟ್ಟ ಮಾತು ಉಳಿದಿತ್ತು.